ಹಿತ್ತಿಲಿನ ಗಿಡುಗ

ಮೊದಲು ಕಂಡವಳು ಎರ್ರಮ್ಮ.
ಬೂದಿ ಮೆತ್ತಿದ ಕೈಯನ್ನೇ ಮೇಲೆತ್ತಿ
"ಡೇಗಾ! ಡೇಗಾ!" ಅಂತ ಕೂಗಿದಳು.
ನಾನು ಮಷಿನ್ ನಿಲ್ಲಿಸಿ ಹಿತ್ತಿಲಿಗೆ ಬರುವಷ್ಟರಲ್ಲಿ
ಬೇವಿನ ಮೊಂಡು ಕೊಂಬೆಯ ಮೇಲೆ ಗಿಡುಗ,
ಉಗುರಿನಡಿ ಏನೋ ನೀಲಿ.

ಮಿಂಚುಳ್ಳಿ ಅಂದುಕೊಂಡೆ. ಪಾಪ ಅಂದೆ.
ಅದು ಕೊಕ್ಕು ಬಗ್ಗಿಸಿ ಒಂದೊಂದೇ ಎಳೆ ಕೀಳುತ್ತಿತ್ತು,
ಗರಿ ಕೀಳುವ ಹಾಗೆ, ಅಷ್ಟೇ ಶ್ರದ್ಧೆಯಿಂದ,
ಗಾಳಿಗೆ ಬಿಟ್ಟು, ತಲೆ ಕೊಡವಿ, ಮತ್ತೊಂದು.
ನನ್ನ ಕಾಲ ಬಳಿ ಬಂದು ಬಿದ್ದದ್ದು
ಪುಕ್ಕವಲ್ಲ, ಡೆನಿಮ್ಮಿನ ನೂಲು.

ರಾಯದುರ್ಗದಲ್ಲಿ ಯಾವ ಹಿತ್ತಿಲಲ್ಲಿಲ್ಲ ಈ ಚೂರು?
ಕೋಟೆಗುಡ್ಡದ ಬುಡದಿಂದ ಬಸ್‌ಸ್ಟ್ಯಾಂಡಿನ ತನಕ
ಪ್ಯಾಂಟು ಹೊಲಿಯದ ಓಣಿಯಿಲ್ಲ.
ನನ್ನದು ಜೇಬು. ಬರೀ ಹಿಂದಿನ ಜೇಬು.
ಇಪ್ಪತ್ತಾರು ವರ್ಷದಿಂದ
ನಾನು ನೋಡದ ಊರುಗಳಲ್ಲಿ
ಯಾರ್ಯಾರದೋ ಜೊತೆ ಕೂತೇಳುವ ಜೇಬು.

ಮರುದಿನವೂ ಬಂತು. ಅದರ ಮರುದಿನವೂ.
ಚಿಂದಿಯ ಗುಡ್ಡೆಗಿಳಿದು, ಕೋಳಿಯ ಹಾಗೆ ನಡೆದು,
ತುಳಿದು, ಹಿಸುಕಿ,
ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುತ್ತಿತ್ತು.
ಎರಡು ಮಾರು ದೂರದಲ್ಲಿ ಗುಬ್ಬಿಗಳು ಮಣ್ಣಲ್ಲಿ ಹೊರಳುತ್ತಿದ್ದವು.
ಅದು ನೋಡಲಿಲ್ಲ. ಅವೂ ಹೆದರಲಿಲ್ಲ.
ನಮ್ಮ ತಲೆಗೆ ಹತ್ತದ್ದು ಇದೇ.

ಯಾರೋ ಮದ್ದು ಹಾಕಿದ್ದಾರೆ ಅದಕ್ಕೆ, ಅಂದಳು ಎರ್ರಮ್ಮ.
ಕಂಪೌಂಡರ್ ದಸ್ತಗಿರಿ ಸಾಬರು ಗೋಡೆಯಾಚೆ ಸ್ಟೂಲು ಹಾಕಿ ನಿಂತು
ಶಿಕ್ರಾ ಅಂದರು; ಹಳೇ ಔಷಧಿ ಚೀಟಿಯ ಬೆನ್ನಿಗೆ
ಹೊತ್ತು, ಗಾಳಿ, ಚೂರಿನ ಅಳತೆ ಬರೆದುಕೊಂಡರು.
ಮೂರು ಭಾಷೆಯಲ್ಲಿ ಕರೆದೆವು.
ಅದು ಯಾವುದಕ್ಕೂ ಕತ್ತು ತಿರುಗಿಸಲಿಲ್ಲ.

ಒಂಬತ್ತನೇ ದಿನ ನನಗೆ ಹೊಳೆಯಿತು.
ಮಾಸ್ಟರ್ ಜಂಬಯ್ಯ ಮೊದಲ ಮೂರು ತಿಂಗಳು
ದಾರ ಮುಟ್ಟಗೊಡಲಿಲ್ಲ. ಪೇಪರ್ ಕೊಟ್ಟ, ಬರಿ ಸೂಜಿ ಕೊಟ್ಟ.
"ಗೆರಿ ಮ್ಯಾಲೆ ಓಡಿಸು. ಬಟ್ಟಿ ಕೆಡಿಸೋಕ್ಕಿಂತ ಪೇಪರ್ ಕೆಡಿಸು."
ಪುಟಗಟ್ಟಲೆ ತೂತು ಹೊಲಿದೆ.
ದೀಪಕ್ಕೆ ಹಿಡಿದರೆ ಅಂಗಿಯ ಕಾಲರು,
ಚುಕ್ಕಿಚುಕ್ಕಿ ಬೆಳಕಿನದು.
ಹಂಗೇ ಇದೂ, ಅಂದೆ. ಮರಿ. ಕಲೀತಿದೆ.

ಸಾಬರು ಕನ್ನಡಕ ಒರೆಸಿಕೊಂಡರು.
"ಮರಿಗೆ ಕಣ್ಣು ಹಳದಿ ಇರ್ತದಮ್ಮಾ. ಎದೆ ಮೇಲೆ ಕಂದು ಚುಕ್ಕಿ.
ಇದರ ಕಣ್ಣು ನೋಡು."
ನೋಡಿದೆ. ನಿಗಿನಿಗಿ ಕೆಂಡ.
ಎಷ್ಟು ಗೊರವಂಕ, ಎಷ್ಟು ಓತಿಕ್ಯಾತ ಮುಗಿಸಿದ ಕಣ್ಣೋ.

ಹಾಗಾದರೆ ಯಾಕೆ?
ಅವರು ಚೀಟಿಯಲ್ಲಿ ಅಷ್ಟೇ ಬರೆದು, ಮಡಚಿ,
ಮೇಲಿನ ಜೇಬಿಗೆ ಹಾಕಿಕೊಂಡರು.

ಅವತ್ತೇ ಸಂಜೆ, ನಮ್ಮೆದುರೇ,
ತಂತಿಯ ಮೇಲಿನ ಬೆಳವವನ್ನು ಎತ್ತಿತು.
ಸದ್ದಿಲ್ಲ. ಒಂದೇ ಹೊಲಿಗೆ.
ಎರ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.
ತಿಂದಿತು. ಕೊಕ್ಕನ್ನು ಕೊಂಬೆಗೆ ಆ ಕಡೆ ಈ ಕಡೆ ತಿಕ್ಕಿತು.
ಇನ್ನೇನು ಹಾರಿಹೋಗುತ್ತದೆ ಅನ್ನುವಾಗ
ಉಬ್ಬಿದ ಗಂಟಲು ಹೊತ್ತು ಕೆಳಗಿಳಿದು
ಚಿಂದಿಯ ಗುಡ್ಡೆಯಲ್ಲಿ ನಿಧಾನವಾಗಿ ಹುಡುಕಿ
ಒಂದು ಚೂರು ಆರಿಸಿಕೊಂಡಿತು.

ರಾತ್ರಿ ಆರ್ಡರಿನ ನಾನೂರು ಜೇಬು ಮುಗಿದವು.
ಕಟ್ಟು ಕಟ್ಟಿ ಬಾಗಿಲ ಹತ್ತಿರ ಇಟ್ಟೆ.
ಏಳಬೇಕಿತ್ತು. ಕಾಲು ಪೆಡಲಿನ ಮೇಲೇ ಇತ್ತು.
ಸೂಜಿಯಿಂದ ದಾರ ಎಳೆದು ತೆಗೆದೆ.
ಕ್ಯಾಲೆಂಡರಿನ ಹೋದ ತಿಂಗಳ ಹಾಳೆ ಹರಿದು
ಕೆಳಗೆ ಇಟ್ಟೆ.

ಗೋಡೆಯಾಚೆಯಿಂದ ಎರ್ರಮ್ಮ,
"ಈ ಹೊತ್ತಿನಾಗ ಏನು ಹೊಲೀತಿದೀಯೇ?"
ಏನೂ ಇಲ್ಲ, ಅಂದೆ.